ನಲವತ್ತೊಂದು

ಮೂರಕ್ಕೆ ಡ್ರಾ. ಮೂರೂ ಹತ್ತಕ್ಕೆ
ಕೈತ್ರೀನ ಬಾಯಿ ರೇಶನಿನ ಚೀಲ ಕೆಳಗಿಟ್ಟು
ಸೆರಗಿನ ಗಂಟಿನಿಂದ ಟಿಕೇಟು ಬಿಚ್ಚಿದರು.
ಫೋನು ಎತ್ತಿದೆ, ಕ್ಯಾಮೆರಾ ಒತ್ತಿದೆ,
ಮೂಲೆಯಲ್ಲಿ ನಲವತ್ತೊಂದು ಪರ್ಸೆಂಟು.
ಟಿಕೇಟಿನ ಚೌಕದ ಮೇಲೆ ಬೆಳಕು ಬೀಳುವಷ್ಟರಲ್ಲಿ
ಕಪ್ಪು.
ಕನ್ನಡಿಯಂಥ ಕಪ್ಪು. ಅದರೊಳಗೆ ನನ್ನ ಗಡ್ಡ,
ಹಿಂದೆ ಕುಂಬಳೆ ಪೇಟೆ, ಬಸ್ಸಿನ ಬೋರ್ಡು ತಿರುಗುಮುರುಗು.

"ಇರಲಿ, ನಾಳೆ ನೋಡುವ" ಎಂದರು ಬಾಯಿ.
ನಾಳೆ! ಅದು ನನ್ನದೇ ಸರಕು ಮಾರಾಯ್ರೆ.
ಹದಿನೇಳು ವರ್ಷ ಈ ಕಟ್ಟೆಯಲ್ಲಿ ಕೂತು
ನಾಳೆ ನಾಳೆ ಎಂದು ಕೂಗಿದವನು.
ಮಲಯಾಳದಲ್ಲೂ ನಾಳೆಯೇ, ಕನ್ನಡದಲ್ಲೂ ನಾಳೆಯೇ,
ಬಾಯಿ ಬದಲಿಸಬೇಕಿಲ್ಲ.
ತುಳುವಿನಲ್ಲಿ ಮಾತ್ರ ಅದು ಎಲ್ಲೆ.

ಮೊದಲು ವೈರನ್ನು ಬೈದೆ.
ತಿರುಚಿ, ರಬ್ಬರು ಬ್ಯಾಂಡು ಸುತ್ತಿ, ಅಡಿಗೆ ಬೆಂಕಿಪೆಟ್ಟಿಗೆ ಕೊಟ್ಟು
ಒಂದು ಕೋನದಲ್ಲಿ ಮಲಗಿಸಿದರೆ ಮಿಂಚಿನ ಗುರುತು ಬರುತ್ತಿತ್ತು,
ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಹೋಗುತ್ತಿತ್ತು.
ಸುಗಂಧಿ ಬೀಡಿಯ ಮೊರದಿಂದ ತಲೆ ಎತ್ತದೆ
"ನಮ್ಮ ಮಗುವಿಗೆ ಜ್ವರ ಬಂದಾಗಲೂ
ಇಷ್ಟು ಕೂತವರಲ್ಲ ನೀವು" ಎಂದಳು.
ಅವಳದೇ ಸೂಜಿ ತೆಗೆದು ತೂತು ಕೆದಕಿದೆ.
ಬಂದದ್ದು ಲುಂಗಿಯ ನೂಲು, ಹೊಗೆಸೊಪ್ಪಿನ ಹುಡಿ,
ಯಾವುದೋ ಟಿಕೇಟಿನ ಒಂದು ಮೂಲೆ, ಅಂಕಿಯಿಲ್ಲದ್ದು.
ಎರಡು ದಿನ ಸರಿಯಿತ್ತು.

ಆಮೇಲೆ ಸೋತ ಟಿಕೇಟುಗಳ ಬೆನ್ನಿಗೆ ಲೆಕ್ಕ ಬರೆದೆ.
ಬೆಳಿಗ್ಗೆ ಆರು: ನೂರು.
ಏಳು: ಎಪ್ಪತ್ತೆರಡು. ಯಾರೂ ಫೋನು ಮಾಡಿಲ್ಲ.
ಏಳೂವರೆ: ಎಂಬತ್ತು. ಚಾರ್ಜಿಗೆ ಹಾಕಿಲ್ಲ!
ಶುಕ್ರವಾರ, ಒಂದೇ ಒಂದು ಪರ್ಸೆಂಟಿನಲ್ಲಿ
ಬದಿಯಡ್ಕದ ತಂಗಿ ತನ್ನ ಅತ್ತೆಯ ಸುದ್ದಿ
ಪೂರ್ತಿ ಹೇಳಿ ಮುಗಿಸಿದಳು. ಎರಡು ಗಂಟೆ.
ಅಂಕಿಗಳ ಹುಚ್ಚು ನನಗೆ ಹೊಸದಲ್ಲ,
ಒಂದಂಕಿಗೆ ಕೋಟಿ ತಪ್ಪಿದವರ ಮುಖ ಕಂಡವನು.
ಆದರೆ ಆ ಅಂಕಿ ಒಮ್ಮೆ ಬಿದ್ದರೆ ಬಿತ್ತು,
ಅರ್ಧ ಗಂಟೆ ಬಿಟ್ಟು ಮೇಲೇಳುವುದಿಲ್ಲ.

ಉಪ್ಪಳದ ನೌಫಲ್ ಹಣೆಯ ಭೂತಗನ್ನಡಿ ಕೆಳಗಿಳಿಸಿದ.
"ಸೂಜಿ ಹಾಕಿದ್ರಾ? ಇನ್ನು ಹಾಕಬೇಡಿ.
ಆಫ್ ಮಾಡಿ, ಮರದ ಕಡ್ಡಿ ಸಾಕು."
ಬೇರೆ ವೈರು ಚುಚ್ಚಿದ, ಬೇರೆ ಚಾರ್ಜರು, ಮೀಟರಿನ ಮುಳ್ಳು.
"ಖಾಲಿಯಾದದ್ದಲ್ಲ ಅಣ್ಣ, ಹಳತಾದದ್ದು.
ಸುಮ್ಮನಿದ್ದರೆ ನಲವತ್ತೊಂದು ಹೆಚ್ಚುಕಡಿಮೆ ಸರಿಯೇ.
ಕ್ಯಾಮೆರಾ, ಲೈಟು ಒಟ್ಟಿಗೆ ಕೇಳಿದರೆ ಒಳಗೆ ತಡೆ,
ಇದ್ದದ್ದನ್ನೂ ಕೊಡಲಿಕ್ಕಾಗುವುದಿಲ್ಲ. ಉಸಿರು ಕಟ್ಟುತ್ತದೆ."

ನನ್ನ ಎಡಗಾಲನ್ನು ನೋಡಿಕೊಂಡೆ.
ಪೇಟೆಯ ಸಮರಸ್ತೆಯಲ್ಲಿ ಅದೂ ನಲವತ್ತೊಂದೇ.
ಸ್ಟೇಶನಿನ ಮೇಲ್ಸೇತುವೆಯ ಹತ್ತನೆಯ ಮೆಟ್ಟಿಲಲ್ಲಿ,
ರೈಲು ಬಂತೆಂದು ಯಾರಾದರೂ ಕೂಗಿದರೆ...
ಅವನಿಗೆ ಹೇಳಲಿಲ್ಲ. ಅವನ ಬಳಿ ಅದರ ಸ್ಪೇರ್ ಇಲ್ಲ.

ಬೆನ್ನು ತೆರೆದರೆ ಬ್ಯಾಟರಿ ಉಬ್ಬಿತ್ತು,
ಬಿಸಿ ಎಣ್ಣೆಗೆ ಬಿದ್ದ ಹಪ್ಪಳದ ಮೊದಲ ಗುಳ್ಳೆಯ ಹಾಗೆ.
ಮೆಲ್ಲನೆ ಎಬ್ಬಿಸಿ ಹೊಯ್ಗೆ ತುಂಬಿದ ಡಬ್ಬಿಯಲ್ಲಿ ಇಟ್ಟ.
"ರಾತ್ರಿ ದಿಂಬಿನಡಿ ಇಟ್ಟು ಮಲಗುತ್ತಿದ್ದಿರಾ?"
ಇಲ್ಲ ಎಂದೆ.
ಇಡುತ್ತಿದ್ದೆ.

ಎಂಟುನೂರು ಕೊಟ್ಟದ್ದಕ್ಕೆ ಈಗ
ತೊಂಬತ್ತೊಂಬತ್ತು, ತೊಂಬತ್ತೆಂಟು, ತೊಂಬತ್ತೇಳು,
ಜಗಲಿಯಿಂದ ಶಾಲೆಯ ಮಕ್ಕಳು ಇಳಿದ ಹಾಗೆ, ನೂಕಾಟವಿಲ್ಲ.
ಆದರೆ ನೋಡಿ, ಈಗಲೇ ಜಾಸ್ತಿ ನೋಡುತ್ತೇನೆ.
ಮೊದಲು ಅದು ಸುಳ್ಳು ಹೇಳುತ್ತದೆಂದು ಗೊತ್ತಿತ್ತು,
ಎಪ್ಪತ್ತು ಹತ್ತಾದರೂ ಎದೆ ಹಾರುತ್ತಿರಲಿಲ್ಲ.
ಈಗ ಹದಿನಾರೆಂದರೆ ಹದಿನಾರೇ.
ಸುಗಂಧಿಗೆ ಇದನ್ನು ಹೇಳಿದರೆ ನಕ್ಕಳು,
ನಕ್ಕು, ತನ್ನ ಬೀಡಿಯ ಕಟ್ಟು ಇನ್ನೊಮ್ಮೆ ಎಣಿಸಿದಳು.

ಕೈತ್ರೀನ ಬಾಯಿಯ ಟಿಕೇಟಿಗೆ
ಚೌಕದ ಮೇಲೆ ಬೆಳಕು ಬಿತ್ತು, ನಿಂತಿತು.
ನೂರು ರೂಪಾಯಿ.
ನೋಟನ್ನು ಅವರ ಕೈಗಿಟ್ಟೆ.
ಮಡಚಲೇ ಇಲ್ಲ, ಹಾಗೆಯೇ ನನ್ನ ಕಡೆಗೆ ಚಾಚಿ
"ಎರಡು ನಾಳೆ ಕೊಡು" ಎಂದರು.