ಕೊಕ್ಕೆ

ಸರಕಾರ ಇಟ್ಟ ಕೊಕ್ಕೆ ಅಂದುಕೊಂಡಿದ್ದೆವು, ಸಾಹೇಬರೇ.
ಇಳಿತದ ಹೊತ್ತಿಗೆ ಅಘನಾಶಿನಿಯ ಕೆಸರಲ್ಲಿ ಬಳಚು ಹೆಕ್ಕುವ ಹೆಂಗಸರು
ಊಟದ ಡಬ್ಬಿ ಎಲ್ಲಿಡಬೇಕು ಪಾಪ, ಎಂದು
ಯಾರೋ ಪುಣ್ಯಾತ್ಮ ಇಂಜಿನಿಯರು
ನಾಲ್ಕನೇ ಕಂಬದಿಂದ ಸರಳು ಹೊರಗೆ ಚಾಚಿಸಿ
ತುದಿ ಬಗ್ಗಿಸಿ ಕೊಟ್ಟಿದ್ದಾನೆ ಎಂದು.

ಮೊದಲ ವರ್ಷ ಎರಡೇ ಇದ್ದವು.
ಅದರ ಮೇಲೆ ಗುಲಾಬಿಗೂ ನನಗೂ ಜಗಳ, ಮಾತು ಬಿಟ್ಟಿದ್ದೆವು.
ಮಳೆಗಾಲ ಕಳೆದು ಬಂದು ನೋಡಿದರೆ ಮೂರು,
ಆಮೇಲೆ ನಾಲ್ಕು, ಹೋದ ವರ್ಷ ಆರು.
ಬೇಡಿಕೆ ನೋಡಿ ಹೆಚ್ಚಿಸುತ್ತಿದ್ದಾರೆ ಅಂದಳು ಸಾತಿ.
ಅರ್ಜಿ ಕೊಡದೆ ನಮ್ಮ ಕೇರಿಗೆ ಸಿಕ್ಕ ಸೌಲಭ್ಯ
ಅದೊಂದೇ.

ಆ ರಾತ್ರಿ ಒಂದೂವರೆಗೆ
ನಾಲ್ಕನೇ ಕಂಬಕ್ಕೂ ಐದನೇ ಕಂಬಕ್ಕೂ ನಡುವೆ
ರಸ್ತೆ ಮುಗಿಯಿತು.
ಬೈಕಿನ ಹುಡುಗರಿಬ್ಬರು, ಅವರ ಹಿಂದೆ ಪಾಸ್ಕೋಲನ ಐಸಿನ ಲಾರಿ.
ನಸುಕಿನಲ್ಲಿ ಮೊದಲು ತೇಲಿ ಬಂದದ್ದು ಐಸು,
ಬೆಳ್ಳಗೆ, ಸಣ್ಣಗಾಗುತ್ತ.
ಬೇಸಗೆಯಲ್ಲಿ ಲಾರಿ ನಿಲ್ಲಿಸಿ
ನಮ್ಮ ನೀರಿನ ಕೊಡಕ್ಕೆ ಒಂದೊಂದು ತುಂಡು ಹಾಕಿ ಹೋಗುತ್ತಿದ್ದ ಅವನು.

ಮೊದಲ ದಿನ ಅಂದರು, ಅನಿರೀಕ್ಷಿತ ಭರತಿ.
ಅವತ್ತು ಅಷ್ಟಮಿ. ಅಷ್ಟಮಿಯ ನೀರಿಗೆ
ಏಡಿ ಸಹ ಹೆದರುವುದಿಲ್ಲ.
ಮರುದಿನ ಅಂದರು, ನೀರಿನಲ್ಲಿ ಉಪ್ಪಿನ ಅಂಶ ಪತ್ತೆಯಾಗಿದೆ.
ಸಮುದ್ರದ ಬಾಯಲ್ಲಿ ಉಪ್ಪು!
ನಮ್ಮ ಮನೆಯವರು ಆ ರಾತ್ರಿ ಗಂಜಿಗೆ ಉಪ್ಪು ಹಾಕಿಕೊಳ್ಳಲಿಲ್ಲ,
ಸೊಂಟ ಮುರಿದೀತು ಅಂತ.
ಮತ್ತೆ ಅಂದರು, ಲಾರಿಯ ಭಾರ.
ಐಸು ಕರಗಿಹೋಗಿತ್ತು,
ಎಷ್ಟು ಭಾರ ಅಂದರೂ ಇಲ್ಲವೆನ್ನಲು ಯಾರ ಹತ್ತಿರವೂ ತಕ್ಕಡಿ ಇರಲಿಲ್ಲ.

ಇಗರ್ಜಿಯಲ್ಲಿ ನತಾಲಿನ್ ಪೆಟ್ಟಿಗೆಯ ಮೇಲೆ ಕೈಯಿಟ್ಟು
"ಮೂರು ದಿನ ನೀರಲ್ಲಿ. ಐಸಿನ ಜೊತೆ ಹೋದವ ನೋಡಿ, ಕೆಡದೆ ಬಂದ"
ಅಂದು ನಕ್ಕೇಬಿಟ್ಟಳು.
ನಾವೂ ನಕ್ಕೆವು, ಸೆರಗು ಬಾಯಿಗೆ ಒತ್ತಿ,
ನಿಲ್ಲಿಸಲಾಗಲಿಲ್ಲ.
ಪಾದ್ರಿಗಳು ಪುಸ್ತಕ ತಿರುವುತ್ತಿದ್ದರು,
ಇದಕ್ಕೆ ಯಾವ ಪುಟ ಅಂತ.

ಮೊಂಡಾಗಿ ನಿಂತ ನಾಲ್ಕನೇ ಕಂಬದಲ್ಲಿ
ಅವಸರಕ್ಕೆ ನಾನು ಮರೆತು ಬಂದ ಡಬ್ಬಿ ತೂಗುತ್ತಿತ್ತು.
ಪಂಚನಾಮೆಯಲ್ಲಿ ಬರೆದಿರಿ:
ಕಂಬಕ್ಕೆ ಹೊಂದಿಕೊಂಡಂತೆ ಮೂರಂತಸ್ತಿನ ಅನಧಿಕೃತ ವಸ್ತು ಒಂದು.
ಈಗ ವರದಿಯಲ್ಲಿ
ಕುಸಿತಕ್ಕೆ ಪೂರಕವಾದ ಹೆಚ್ಚುವರಿ ಹೊರೆ ಅಂತಲೂ ಇದೆಯಂತೆ.

ಹೌದು, ಬರೆದುಕೊಳ್ಳಿ.
ಗಣಪಿ ಕೋಂ ತಿಮ್ಮಪ್ಪ ಅಂಬಿಗ, ವಯಸ್ಸು ಐವತ್ತೆರಡೋ ಮೂರೋ.
ಕೆಳಗಿನ ಅಂತಸ್ತಿನಲ್ಲಿ ಗಂಜಿ,
ನಡುವೆ ಒಣ ಶೆಟ್ಲಿ ಚಟ್ನಿ,
ಮೇಲೆ ಎರಡು ಮಾವಿನ ಮಿಡಿ, ಒಂದನ್ನು ಕಚ್ಚಿದ್ದೆ.
ಸೇತುವೆ ಬಿದ್ದದ್ದು ಕಚ್ಚದ ಮಿಡಿಯಿಂದ ಇರಬೇಕು.

ಯಾಕೆ ಮೊದಲೇ ಹೇಳಲಿಲ್ಲ ಅಂತೀರಿ.
ವರ್ಷಕ್ಕೊಮ್ಮೆ ನೀವು ಜೀಪಿನಲ್ಲಿ ಬರುತ್ತಿದ್ದಿರಿ,
ಮೇಲೆ ನಿಂತು ಕೆಳಗೆ ನೋಡಿ,
"ಸೇತುವೆ ಕೆಳಗೆ ಏನು ಮಾಡ್ತೀರಿ, ಹೋಗಿ" ಅನ್ನುತ್ತಿದ್ದಿರಿ.
ಕೆಳಗಿಳಿದಿದ್ದರೆ ತೋರಿಸುತ್ತಿದ್ದೆವು,
ನಿಮ್ಮ ಟೋಪಿಗೂ ಒಂದು ಕೊಕ್ಕೆ ಬಿಟ್ಟುಕೊಡುತ್ತಿದ್ದೆವು.
ಈಗ ಕೇಳಿದರೆ, ಮುದುಕಿ ಕೊಕ್ಕೆ ತೆಗೆಯುತ್ತಾಳೆ ಅನ್ನುತ್ತೀರಿ.

ಇರಲಿ. ನನ್ನ ಡಬ್ಬಿ ಕೊಡಿಸಿ.
ಅರಗು ಹಚ್ಚಿ ನಿಮ್ಮ ಕಪಾಟಿನಲ್ಲಿ ಇಟ್ಟಿದ್ದೀರಲ್ಲ, ಅದೇ.
ಇಪ್ಪತ್ತು ದಿನದಿಂದ ಕರವಸ್ತ್ರ ಮೂಗಿಗೆ ಹಿಡಿದು
ವಿಚಾರಣೆ ನಡೆಸುತ್ತಿದ್ದೀರಿ, ನೋಡಲಾಗುವುದಿಲ್ಲ.
ಆದರೆ ಮುಚ್ಚಳ ಮಾತ್ರ ಇಲ್ಲಿ ತೆಗೆಯಬೇಡಿ.
ನಾತ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು
ಇನ್ನೊಂದು ಸಮಿತಿ ಕೂರಬೇಕಾದೀತು.

ಮತ್ತೆ, ನತಾಲಿನ್ ಹೊರಗೆ ಬೆಂಚಿನ ಮೇಲೆ
ಬೆಳಿಗ್ಗೆಯಿಂದ ಕೂತಿದ್ದಾಳೆ.
ಅವಳನ್ನು ಯಾವಾಗ ಕರೆಯುತ್ತೀರಿ?
ಮೂರೂವರೆಗೆ ಇಳಿತ,
ನಾವಿಬ್ಬರೂ ಹೋಗಬೇಕು.