ಸಂಜೆ ಹಾಲಿನ ಲೆಕ್ಕ

ಮಂಡ್ಯದಲ್ಲಿ, ಗೊಬ್ಬರದಂಗಡಿ ಮೇಲಿನ ನಮ್ಮ ಆಫೀಸಿಗೆ
ಒಂದೇ ಸರ್ವರ್, ಒಂದೇ ದೊಡ್ಡ ಡಿಸ್ಕು,
ಕಿಟಕಿಗೆ ರಟ್ಟು ಬಡಿದ ಕೋಣೆ.
ಒಳಗೆ ಮೂರು ಕಂಟೇನರು, ಒಂದರ ಮುಖ ಒಂದು ನೋಡಿಲ್ಲ:
ಹಾಲಿನದು, ಹಿಂಡಿ ಬೂಸದ್ದು, ದನದ ಡಾಕ್ಟರದು.
ಊರಿಗೆಲ್ಲ ತಾನೊಂದೇ ಎಂದು ಪ್ರತಿಯೊಂದರ ನಂಬಿಕೆ.

ಡಿಸ್ಕಿನ ಒಂದು ಫೋಲ್ಡರನ್ನು
ಒಳಗಿನ ಖಾಲಿ ಫೋಲ್ಡರಿನ ಮೇಲೆ ತಂದು ಕೂರಿಸುತ್ತೇನೆ.
ಮೌಂಟ್ ಅನ್ನುತ್ತಾರೆ ಅದಕ್ಕೆ.
ಅಪ್ಪನಿಗೆ ಹೇಳಲು ಆ ಮಾತು ಬೇಕಾಗಲಿಲ್ಲ.
ತೂಬು ಎತ್ತೋದು, ಅಂದೆ.
ನಲವತ್ತು ವರ್ಷ ನಾಲೆ ಕಾದ ನೀರುಗಂಟಿ
ಮೀಸೆಯಡಿಯಲ್ಲೇ ನಕ್ಕ.
"ಅಂಗಾದ್ರೆ ನಿಂಗೂ ರಾತ್ರಿಪಾಳಿ ತಪ್ಪಿದ್ದಲ್ಲ ಅನ್ನು."

ಗದ್ದೆಗೆ ನೀರು ಬಂತೆಂದು ಗೊತ್ತು,
ಎಲ್ಲಿಂದ ಎಂದು ಅದು ಕೇಳುವುದಿಲ್ಲ.
ಕನ್ನಂಬಾಡಿ ಇವತ್ತು ಎಷ್ಟು ಅಡಿ, ಗದ್ದೆಗೆ ಯಾಕೆ?
ಹಾಲಿನ ಕಂಟೇನರೂ ಹಾಗೇ,
ಕಣ್ಣೆದುರಿನ ಫೋಲ್ಡರು ತನ್ನ ಮನೆಯದೇ ಅಂದುಕೊಂಡಿದೆ.
ಹಿಂಡಿಯವನಿಗೂ ಅದೇ ಪುಸ್ತಕ, ಓದಲು ಮಾತ್ರ.
ಬರೆಯಹೋದರೆ ಕೈ ತಡೆಯುತ್ತದೆ.

ಅಪ್ಪನೂ ಎಷ್ಟೋ ಬದು ಕಾದಿದ್ದ,
ಮೇಲಿನ ಗದ್ದೆಯವರು ನಡುರಾತ್ರಿ ಗುದ್ದಲಿ ತಂದಾಗ
ಲಾಟೀನು ಎತ್ತಿ ಹಿಡಿದು, ಏನೂ ಅನ್ನದೆ.
ಅನ್ನುವ ಜಾತಿಯಾಗಿರಲಿಲ್ಲ ನಮ್ಮದು.
ಕೀಲಿ ಮಾತ್ರ ಅವನ ಸೊಂಟದಲ್ಲಿತ್ತು.
ಎಲ್ಲರ ಗದ್ದೆಗೂ ನೀರು; ನಮಗೆ ಗದ್ದೆಯಿಲ್ಲ.
ಈಗ ರೂಟ್ ಪಾಸ್‌ವರ್ಡ್ ನನ್ನ ಹತ್ತಿರ,
ನನ್ನದೊಂದು ಲೋಟ ಹಾಲೂ ಆ ಲೆಕ್ಕದಲ್ಲಿಲ್ಲ.

ಬುಧವಾರ ಸಂಜೆ ಕರೆಂಟು ಹೋಗಿ ಬಂತು.
ಸರ್ವರ್ ಎದ್ದಿತು, ಡಿಸ್ಕು ಏಳಲಿಲ್ಲ.
ಕಂಟೇನರು ಕಾಯಲಿಲ್ಲ.
ಕಾಯಬೇಕೆಂದು ನಾನು ಬರೆದಿರಲಿಲ್ಲ.
ಬಸರಾಳು, ದುದ್ದ, ಕೆರಗೋಡಿನಿಂದ
ಹಾಲು ಬಂದಂತೆ ಬರೆದುಕೊಂಡಿತು ಪಾಪ,
ಖಾಲಿ ಫೋಲ್ಡರಿನ ಬರಿ ನೆಲದ ಮೇಲೆ.
ರಾತ್ರಿ ಹನ್ನೊಂದಕ್ಕೆ ಯಾರೋ ಡಿಸ್ಕು ಎಬ್ಬಿಸಿ ಎಲ್ಲ ಮತ್ತೆ ಶುರು ಮಾಡಿದರು
(ಯಾರೋ ಅಲ್ಲ, ಯಶೋಧರ; ಒಪ್ಪುವುದಿಲ್ಲ ಅಷ್ಟೆ).
ಮೌಂಟ್ ಬಂದು ಮೇಲೆ ಕೂತಿತು.

ಬೆಳಗ್ಗೆ ಆರೂವರೆಗೆ ದುದ್ದದ ತಿಬ್ಬೇಗೌಡರ ಫೋನು:
"ನೆನ್ನೆ ಸಂಜೆ ಹಾಲೇ ಇಲ್ವಲ್ಲವ್ವ!
ಲಕ್ಕಮ್ಮ ಕ್ಯಾನು ಹಿಡ್ಕಂಡು ಬಾಗಿಲಲ್ಲೇ ಕುಂತವ್ಳೆ.
ನಾಕೂವರೆ ಲೀಟ್ರು, ನಾನೇ ಕಣ್ಣಾರ ನೋಡಿವ್ನಿ."

ಮನೆಯಿಂದಲೇ ಹುಡುಕಿದೆ. ಮಂಗಳವಾರ ಇತ್ತು.
ಬುಧವಾರ ಬೆಳಗ್ಗೆ ಇತ್ತು. ಆಮೇಲೆ ಇವತ್ತಿನ ಮೊದಲ ಕ್ಯಾನು.
ನಡುವೆ ಹರಿದ ಗುರುತೂ ಇಲ್ಲ.

ಹಲ್ಲುಜ್ಜುತ್ತ ಕೇಳಿಸಿಕೊಂಡ ಅಪ್ಪ.
"ನಾಲೆ ನಿಲ್ಸಿದಾಗ ತಳದಲ್ಲಿ ಏನೇನ್ ಸಿಕ್ತಿತ್ತು ಗೊತ್ತಾ?
ಕುಡ್ಲು, ತಂಬಿಗೆ, ಒಂದ್ಸಲ ಯಾರ್ದೋ ಕಾಲುಂಗ್ರ.
ನೀರು ಕದ್ದಿರ್ಲಿಲ್ಲ ಮಗ. ಮುಚ್ಚಿತ್ತು."

ಮೌಂಟ್ ಬಿಚ್ಚಹೋದರೆ ಸರ್ವರ್ ಒಪ್ಪದು:
ಒಳಗೆ ಯಾರೋ ಇದ್ದಾರೆ.
ಹಾಲಿನದನ್ನು ನಿಲ್ಲಿಸಿದೆ. ಹಿಂಡಿಯದನ್ನೂ.
ಇನ್ನೂ ಯಾರೋ ಇದ್ದಾರೆ.
ಪಟ್ಟಿ ತೆಗೆಸಿದರೆ ನನ್ನದೇ ಹೆಸರು,
ಈಗಷ್ಟೇ ಹುಡುಕಲು ಹೋಗಿ ಅಲ್ಲೇ ಬಿಟ್ಟುಬಂದ ಇನ್ನೊಂದು ಕಿಟಕಿ.
ತೂಬಿನ ಬಾಯಿಗೆ ನಾನೇ ಅಡ್ಡ ನಿಂತು
ನೀರನ್ನು ಬೈಯುತ್ತಿದ್ದೆ.

ಹೊರಬಂದೆ. ಬಿಚ್ಚಿಕೊಂಡಿತು.
ಖಾಲಿ ಇರಬೇಕಾದ ಜಾಗ ಖಾಲಿ ಇರಲಿಲ್ಲ.
ದುದ್ದ, ಕ್ಯಾನು ಹದಿನೇಳು, ಲಕ್ಕಮ್ಮ,
ನಾಲ್ಕೂವರೆ ಲೀಟರು, ಫ್ಯಾಟು ಮೂರು ಪಾಯಿಂಟು ಒಂಬತ್ತು,
ಆರು ಗಂಟೆ ಹನ್ನೆರಡು ನಿಮಿಷ.
ಇಡೀ ಸಂಜೆ, ಹನಿ ಚೆಲ್ಲದೆ.

ಎಲ್ಲ ಎತ್ತಿ ಡಿಸ್ಕಿಗೆ ಹಾಕಿದೆ. ಒಂದು ಸಾಲು ಬರೆದೆ:
ಡಿಸ್ಕು ಬಾರದೆ ಹಾಲು ಶುರುವಾಗಕೂಡದು.
ಕೆಳಗಿನ ಬರಿ ನೆಲಕ್ಕೂ ಬೀಗ.
ಬೀಗಕ್ಕೆ ಮುಂಚೆ ಅಲ್ಲೊಂದು ಖಾಲಿ ಫೈಲು ಇಟ್ಟೆ,
ಡಿಸ್ಕು ಕೈಕೊಟ್ಟ ದಿನ ಇಣುಕಿದವರಿಗೆ ತಿಳಿಯಲೆಂದು.
ಹೆಸರು: ನೀರುಗಂಟಿ ಹಲಗಯ್ಯ.
ನೀರು ಇರುವಷ್ಟು ದಿನ ಕಾಣುವುದಿಲ್ಲ.