ಮಡಿಕೆಯ ಎರಡು ಇಂಚು

ಗುದೈಬಿಯಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ
ಒಂದು ಒತ್ತಿದರೆ ಮೂರನೇ ಅಂತಸ್ತು.
ಕೆಳಗೆ ಜಿ ಇದೆ, ಅದರ ಮೇಲೊಂದು ಎಂ.
ಬ್ರಿಟಿಷ್ ಶಾಲೆಯ ಲೆಕ್ಕವೂ ಹಾಗೇ:
ಇಯರ್ ಒನ್ ಎಂದರೆ ಮೊದಲ ವರ್ಷವಲ್ಲ,
ಅದಕ್ಕೂ ಮುಂಚೆ ಎರಡು ವರ್ಷ ಫೌಂಡೇಶನ್,
ಮನೆ ಕಟ್ಟುವವರ ಮಾತು.
ಆ ಮಕ್ಕಳಿಗೆ ಟೈ ಇಲ್ಲ, ಸೊಂಟಕ್ಕೆ ಎಲಾಸ್ಟಿಕ್ಕು.
ಗುಂಡಿ ಇಟ್ಟರೆ ಉಚ್ಚೆಗೆ ತಡವಾಗುತ್ತದೆ.

ಈ ಅಂಗಡಿಯಲ್ಲಿ ಹದಿನೇಳು ಆಗಸ್ಟ್ ಕಳೆದಿದ್ದೇನೆ.
ಓದಿ ಕಲಿತದ್ದಲ್ಲ, ಬಟ್ಟೆ ಕತ್ತರಿಸಿ ಕಲಿತದ್ದು:
ಒಂದು, ಎರಡು, ಮೊದಲನೇ ಕೀ ಸ್ಟೇಜು,
ಕೊಕ್ಕೆಯ ಟೈ, ಮೊಣಕಾಲಲ್ಲೇ ಸವೆಯುವ ಪ್ಯಾಂಟು.
ಮೂರರಿಂದ ಆರು ಎರಡನೆಯದು,
ಟೈ ನಿಜದ್ದು, ಕಟ್ಟಿಕೊಡುವುದು ಇನ್ನೂ ಅಮ್ಮ.
ಏಳಕ್ಕೆ ದೊಡ್ಡ ಶಾಲೆ, ಬ್ಲೇಝರು;
ನಲವತ್ತಾರು ಡಿಗ್ರಿಯಲ್ಲಿ
ಒಳಗೆ ಅಸ್ತರು ಹೊಲಿದ ಬ್ಲೇಝರು!
ಹತ್ತು, ಹನ್ನೊಂದು ಪರೀಕ್ಷೆಯ ವರ್ಷ,
ಅಳತೆಗೆ ನಿಂತ ಹುಡುಗರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ.
ಹನ್ನೆರಡು, ಹದಿಮೂರಕ್ಕೆ ಸಿಕ್ಸ್ತ್ ಫಾರ್ಮ್ ಅಂತ ಹೆಸರು.
ಆರು ಎಲ್ಲಿಂದ ಬಂತು, ಕೇಳಿದೆ ಒಬ್ಬ ಮೇಷ್ಟ್ರನ್ನ.
ನಕ್ಕರು.
ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ನಿನ್ನೆ ನರ್ಸ್ ಐರಿನ್ ಬಂದಳು, ರಾತ್ರಿ ಪಾಳಿಯ ಕಣ್ಣು,
ಒಂದು ಕೈಯಲ್ಲಿ ರೊವಾನ್, ಇನ್ನೊಂದರಲ್ಲಿ ಅವನ ಹಳೇ ಪ್ಯಾಂಟು.
ಇಯರ್ ಫೋರ್‌ಗೆ ಹಾಕಿ ಎಂದು ಅರ್ಜಿ ಬರೆದಿದ್ದಳಂತೆ,
ಆಗಲ್ಲ, ತ್ರೀ ಅಂದರಂತೆ.
ಆಗಸ್ಟ್ ಮೂವತ್ತೊಂದಕ್ಕೆ ಗೆರೆ.
ಇವನು ಹುಟ್ಟಿದ್ದು ನಡುರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ.
"ಡಾಕ್ಟರು ನನ್ನ ಫ್ರೆಂಡೇ.
ಹನ್ನೊಂದೂ ಐವತ್ತೈದು ಅಂತ ಬರೀಲಾ, ಅಂದಿದ್ದಳು ತಮಾಷೆಗೆ.
ಬೇಡ ಅಂದೆ. ಹೊಸ ತಿಂಗಳು, ಹೊಸ ಮಗು,
ಚೆಂದ ಅನಿಸಿತ್ತು."

ನಾನು ಪ್ಯಾಂಟಿನ ಕಾಲು ಮಗುಚಿದೆ.
ಎಲ್ಲ ಮಕ್ಕಳಿಗೂ ಎರಡು ಇಂಚು ಒಳಗೆ ಮಡಿಚಿಡುತ್ತೇನೆ,
ಯಜಮಾನನಿಗೆ ಹೇಳದೆ.
ಬ್ಲೇಡು ತಾಗಿದ್ದೇ ದಾರ ಪಟಪಟ ಬಿಟ್ಟುಕೊಂಡಿತು.
ಒಳಗಿನ ಪಟ್ಟಿ ಬಿಸಿಲು ಕಾಣದ ಕಡುನೀಲಿ,
ಮೊದಲ ದಿನದ ಹಾಗೇ.

ರಜೆಯೆಂದು ಗುಂಡಿ ಡಬ್ಬಿ ಕೆದಕುತ್ತ ಕೂತಿದ್ದಳು ನನ್ನ ಮಗಳು ಸಫ್ವಾನಾ,
ಇಂಡಿಯನ್ ಶಾಲೆ, ಏಪ್ರಿಲ್‌ನಿಂದಲೇ ಮೂರನೇ ಕ್ಲಾಸು.
"ಅವರದ್ದರಲ್ಲಿ ಒಂದು ಕಳೀಬೇಕು," ಅಂದಳು ಅವನಿಗೆ,
"ನಿನ್ನ ಮೂರು ಅಂದ್ರೆ ನಮ್ಮ ಎರಡು."
"ಮೂರು ಅಂದ್ರೆ ಮೂರು," ಅಂದ ಅವನು. ಕಿವಿ ಕೆಂಪಗೆ.
"ಎರಡು."
"ಮೂರು."
ಐರಿನ್ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು.

ನಿಲ್ಲಿ ಇಬ್ಬರೂ, ಅಂದೆ, ಬೆನ್ನಿಗೆ ಬೆನ್ನು.
ಕತ್ತಿನಿಂದ ಟೇಪು ತೆಗೆದು ಹಿಡಿದೆ.
ಅವಳು ಐವತ್ತೊಂದೂವರೆ.
ಅವನು ಐವತ್ತೊಂದೂವರೆ.
ಇವಳು ಚಪ್ಪಲಿ ಬಿಟ್ಟಿರಲಿಲ್ಲ.
ನಾನು ಹೇಳಲಿಲ್ಲ.